ಯೂಟಾದ ಲೋಗನ್, ಕ್ಯಾಶ್ ವ್ಯಾಲಿ: ಮಾರ್ಮನ್ನರು ಇಲ್ಲಿ ಊರು ಕಟ್ಟಿದ್ದು ಹೇಗೆ, ಗೊತ್ತಿರೋರು ಹೇಳ್ತೀರಾ?

ಮಲೇಬೆನ್ನೂರು_ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಮಗ ಇಲ್ಲಿ ಯೂಟಾ ಸ್ಟೇಟ್ ಯೂನಿವರ್ಸಿಟಿಲಿ ಪಿಎಚ್‌ಡಿ ಮಾಡ್ತಿದಾನೆ, ನಾನೂ ನಮ್ಮನೆಯವ್ರೂ ಬಂದು ಸದ್ಯಕ್ಕೆ ಲೋಗನ್‌ನಲ್ಲಿದೀವಿ. ಹಗಲೊತ್ತು ಅವನು ಲ್ಯಾಬಿಗೆ ಹೋದ್ರೆ ನನಗೆ ಕೆಲ್ಸ ಇಲ್ಲ, ಊರೆಲ್ಲಾ ಸುತ್ತಾಡ್ತೀನಿ, ಸುತ್ತಿದಷ್ಟೂ ತಲೇಲಿ ಪ್ರಶ್ನೆ.

ಸುತ್ತ ಬೋಳು ಗುಡ್ಡ, ಬೇಸಿಗೇಲಿ ಮಳೆ ಅನ್ನೋದೇ ಇಲ್ಲ, ಆದ್ರೆ ಕಣಿವೆ ಒಳಗೆ ಹಸಿರೋ ಹಸಿರು. ರಸ್ತೆ ನೋಡಿದ್ರೆ ಒಂದೊಂದೂ ಮೈದಾನದಷ್ಟು ಅಗಲ, ಮೂಲೆಗಳೆಲ್ಲ ಸ್ಕೇಲ್ ಇಟ್ಟು ಗೆರೆ ಎಳೆದಂಗೆ. ಅಡ್ರೆಸ್ ಕೇಳಿದ್ರೆ ಬೀದಿ ಹೆಸರು ಹೇಳಲ್ಲ, ನಾನೂರು ನಾರ್ತ್ ಮುನ್ನೂರು ಈಸ್ಟ್ ಅಂತಾರೆ. ಮನೆ ಹಿತ್ತಲಲ್ಲೇ ಕಾಲುವೆ ಹರೀತಿರುತ್ತೆ. ಕಾರಲ್ಲಿ ಹೊರಟ್ರೆ ಕೆಲವು ಮೈಲಿಗೊಂದು ಊರು, ಪ್ರಾವಿಡೆನ್ಸ್, ಹೈರಮ್, ವೆಲ್ಸ್‌ವಿಲ್, ಸ್ಮಿತ್‌ಫೀಲ್ಡ್, ಎಲ್ಲದರ ನಕ್ಷೆನೂ ಒಂದೇ ಥರ. ಅಮೆರಿಕದ ಪಶ್ಚಿಮ ಅಂದ್ರೆ ಚಿನ್ನದ ಗಣಿ, ಕುದುರೆ, ಪಿಸ್ತೂಲು, ಗಣಿ ಮುಗಿದ ಮೇಲೆ ಊರೂ ಪಾಳು ಅಂತಷ್ಟೇ ಕೇಳಿದ್ದೆ, ಇದು ಹಾಗಿಲ್ಲ. ಮಾರ್ಮನ್ನರು ಕಟ್ಟಿದ ಊರು ಅಂತ ಮಗ ಹೇಳ್ತಾನೆ, ಅದಕ್ಕಿಂತ ಜಾಸ್ತಿ ಅವನಿಗೂ ಗೊತ್ತಿಲ್ಲ, ಅವನದ್ದೆಲ್ಲ ಕಂಪ್ಯೂಟರ್. ಈ ಊರು ಯಾರು, ಯಾವಾಗ, ಯಾವ ಕ್ರಮದಲ್ಲಿ ಕಟ್ಟಿದ್ರು? ಮುಖ್ಯವಾಗಿ ನೀರು ಯಾರ ಕೈಲಿತ್ತು?

ಉಪ್ಪುಕೆರೆ_ರಾಘು:

ಮೇಷ್ಟ್ರೇ ನಾನು ಸಾಲ್ಟ್ ಲೇಕ್ ಕಡೆ ಇರೋದು, ಆಫೀಸಲ್ಲಿ ಸುಮಾರು ಜನ ಇದೇ ಮಾರ್ಮನ್ ಚರ್ಚಿನವ್ರು, ಊಟಕ್ಕೆ ಕೂತ್ರೆ ಅವರ ಮುತ್ತಜ್ಜಂದಿರ ಕಥೆನೇ, ಕೇಳ್ತಾ ಕೇಳ್ತಾ ನನಗೂ ಹುಚ್ಚು ಹಿಡಿದು ಓದ್ಕೊಂಡೆ.

ಹಿನ್ನೆಲೆ ಚುಟುಕಾಗಿ ಹೇಳ್ತೀನಿ. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಶುರು ಮಾಡಿದ ಚರ್ಚ್ ಇದು. ಹೋದ ಕಡೆಯೆಲ್ಲ ಅಕ್ಕಪಕ್ಕದವ್ರಿಗೂ ಇವ್ರಿಗೂ ಆಗ್ತಿರಲಿಲ್ಲ, 1838ರಲ್ಲಿ ಮಿಸೌರಿ ಗವರ್ನರ್ ಆರ್ಡರ್ ಹೊರಡಿಸಿ ಓಡಿಸಿದ, ಇಲಿನಾಯ್‌ಗೆ ಬಂದು ಮಿಸಿಸಿಪಿ ದಂಡೇಲಿ ಊರು ಕಟ್ಟಿದ್ರು, 1844ರಲ್ಲಿ ಅಲ್ಲೇ ಕಾರ್ಥೇಜ್ ಜೈಲಿಗೆ ಗುಂಪು ನುಗ್ಗಿ ಸ್ಮಿತ್‌ನ ಕೊಂದ್ಹಾಕ್ತು. ಆಮೇಲೆ ಬ್ರಿಗಮ್ ಯಂಗ್ ನಾಯಕ. 1846ರಲ್ಲಿ ಗಾಡಿ ಕಟ್ಕೊಂಡು ಹೊರಟೋರು 1847ರ ಜುಲೈನಲ್ಲಿ ಸಾಲ್ಟ್ ಲೇಕ್ ಕಣಿವೆಗೆ ಇಳಿದ್ರು. ಆಗ ಇದು ಅಮೆರಿಕಾನೇ ಅಲ್ಲ, ಮೆಕ್ಸಿಕೋದ ಜಾಗ, 1848ರ ಒಪ್ಪಂದದಲ್ಲಿ ಅಮೆರಿಕಕ್ಕೆ ಬಂತು, ಅಂದ್ರೆ ಯಾವ ದೇಶದಿಂದ ತಪ್ಪಿಸ್ಕೊಂಡು ಓಡಿದ್ರೋ ಆ ದೇಶಾನೇ ಹಿಂದೆ ಹುಡುಕ್ಕೊಂಡು ಬಂತು.

ರಸ್ತೆ ವಿಷ್ಯ. ಸ್ಮಿತ್ ಬದುಕಿದ್ದಾಗ್ಲೇ, 1833ರಲ್ಲಿ, ಆದರ್ಶ ಊರು ಹೀಗಿರ್ಬೇಕು ಅಂತ ಒಂದು ನಕ್ಷೆ ಮಾಡಿದ್ದ. ಯಂಗ್ ಅದನ್ನೇ ಹಿಗ್ಗಿಸಿ ಕುಗ್ಗಿಸಿ ಬಳಸ್ದ. ಸಾಲ್ಟ್ ಲೇಕಲ್ಲಿ ಒಂದು ಬ್ಲಾಕ್ 10 ಎಕರೆ, ಅದರಲ್ಲಿ ಎಂಟು ಸೈಟು, ಒಂದೊಂದು ಒಂದೂಕಾಲು ಎಕರೆ, ರಸ್ತೆ 132 ಅಡಿ ಅಗಲ. ಎತ್ತಿನ ಗಾಡಿನ ಹಿಂದೆಮುಂದೆ ಮಾಡದೆ ತಿರುಗಿಸ್ಬೇಕು ಅಂತ ಅಷ್ಟು ಅಗಲ ಮಾಡ್ಸಿದ ಅಂತ ಎಲ್ಲರೂ ಕಥೆ ಹೇಳ್ತಾರೆ. ಉಳಿದ ಊರುಗಳಲ್ಲಿ ಅಳತೆ ಸ್ವಲ್ಪ ಬೇರೆ ಬೇರೆ, ಅಚ್ಚು ಮಾತ್ರ ಅದೇ. ನಿಮ್ಮ ಲೋಗನ್‌ನಲ್ಲಿ ಮೇನ್ ಸ್ಟ್ರೀಟ್, ಸೆಂಟರ್ ಸ್ಟ್ರೀಟ್ ಕೂಡೋ ಜಾಗ ಸೊನ್ನೆ, ಅಲ್ಲಿಂದ ನಾಲ್ಕು ದಿಕ್ಕಿಗೂ ನೂರು ಇನ್ನೂರು ಅಂತ ಎಣಿಸ್ತಾ ಹೋಗೋದು. ಒಂದ್ಸಲ ತಲೆಗೆ ಹತ್ತಿದ್ರೆ ಗೂಗಲ್ ಮ್ಯಾಪೇ ಬೇಡ.

ಆ ಸೈಟಲ್ಲಿ ಬರೀ ಮನೆ ಅಲ್ಲ, ತರಕಾರಿ, ಹಣ್ಣಿನ ಗಿಡ, ಕೋಳಿ, ಒಂದು ಹಸು, ಎಲ್ಲಾ. ಹೊಲ ಊರಿನಾಚೆ. ಅಮೆರಿಕದ ಬೇರೆ ಕಡೆ ರೈತ 160 ಎಕರೆ ಹಿಡ್ಕೊಂಡು ಅದರ ನಟ್ಟನಡುವೆ ಒಂಟಿ ಮನೆ ಕಟ್ಕೊಂಡು ಕೂತ್ಕೋತಿದ್ದ, ಇವ್ರು ಹಾಗೆ ಚದುರೋಕೆ ಬಿಡಲಿಲ್ಲ, ಎಲ್ಲರೂ ಊರೊಳಗೇ ಇರಿ, ಚರ್ಚು ಶಾಲೆ ಹತ್ರ ಇರ್ಲಿ ಅಂತ. ಲೋಗನ್ ಉಳ್ಕೊಂಡಿದ್ದಕ್ಕೆ ಅರ್ಧ ಕಾರಣ ಇಲ್ಲೇ ಇದೆ ಅಂತ ನನ್ನ ಅನಿಸಿಕೆ.

ಈಗ ಕ್ಯಾಶ್ ವ್ಯಾಲಿ. ಸುಮಾರು 4,500 ಅಡಿ ಎತ್ತರ, ಹಿಮ ಜಾಸ್ತಿ, ಬೆಳೆಗೆ ಹಿಮ ಹೊಡೆಯುತ್ತೆ ಅನ್ನೋ ಭಯಕ್ಕೆ ಮೊದಲು ಯಾರೂ ಬರಲಿಲ್ಲ. 1855ರಲ್ಲಿ ಚರ್ಚಿನ ದನಗಳನ್ನ ಮೇಯೋಕೆ ಇಲ್ಲಿಗೆ ಹೊಡ್ಕೊಂಡು ಬಂದ್ರು, ಆ ಚಳಿಗಾಲ ಎಂಥಾ ಕೆಟ್ಟದು ಅಂದ್ರೆ ಬಹುಪಾಲು ದನ ಹಿಮದಲ್ಲೇ ಸತ್ತೋದ್ವು. ಅಷ್ಟಾದ್ರೂ 1856ರ ಸೆಪ್ಟೆಂಬರ್‌ನಲ್ಲಿ ಪೀಟರ್ ಮಾನ್ ಅನ್ನೋನ ಜೊತೆ ಕೆಲವು ಕುಟುಂಬ ಬಂದು ಕಣಿವೆಯ ದಕ್ಷಿಣ ತುದೀಲಿ ಕೋಟೆ ಥರ ಮನೆ ಹಾಕ್ಕೊಂಡ್ರು, ಅದೇ ಈಗಿನ ವೆಲ್ಸ್‌ವಿಲ್. 1858ರಲ್ಲಿ ಅಮೆರಿಕದ ಸೈನ್ಯ ಯೂಟಾಗೆ ಬರ್ತಿದೆ ಅಂತ ಎಲ್ಲಾ ಬಿಟ್ಟು ದಕ್ಷಿಣಕ್ಕೆ ಹೋದ್ರು. 1859ಕ್ಕೆ ವಾಪಸ್ ಬಂದ್ರು ನೋಡಿ, ಆಗ ಒಂದೇ ವರ್ಷದಲ್ಲಿ ಖಾಲಿ ಬಿದ್ದಿದ್ದ ಕಣಿವೆ ತುಂಬ್ಕೊಳ್ತು: ಲೋಗನ್, ಪ್ರಾವಿಡೆನ್ಸ್, ಮೆಂಡನ್, ರಿಚ್ಮಂಡ್, ಸ್ಮಿತ್‌ಫೀಲ್ಡ್. ಲೋಗನ್‌ನಲ್ಲಿ ಮೊದಲು ಎದುರುಬದುರು ಎರಡು ಸಾಲು ಮರದ ದಿಮ್ಮಿ ಮನೆ, ಸರ್ವೆ ಆದ್ಮೇಲೆ ಚೀಟಿ ಎತ್ತಿ ಸೈಟು ಹಂಚಿದ್ರು. ಮುಂದಿನ ವರ್ಷ ಹೈರಮ್, ಫ್ರಾಂಕ್ಲಿನ್. ಈ ಫ್ರಾಂಕ್ಲಿನ್‌ನವ್ರದ್ದು ಒಂದು ತಮಾಷೆ, ತಾವು ಯೂಟಾದಲ್ಲಿದೀವಿ ಅಂತಾನೇ ಹನ್ನೆರಡು ವರ್ಷ ಬದುಕಿದ್ರು, 1872ರ ಸರ್ವೇಲಿ ಗೊತ್ತಾಯ್ತು ಅದು ಐಡಹೋ ಅಂತ.

ತಿಂಡಿಪೋತ_ತುಮಕೂರು:

ಒಬ್ಬೊಬ್ಬರಿಗೆ ನಾಲ್ಕು ನಾಲ್ಕು ಹೆಂಡ್ತಿ ಇದ್ರಂತಲ್ಲ, ಅದಕ್ಕೇ ಊರು ಬೇಗ ಬೆಳೀತಾ 😀

ಉಪ್ಪುಕೆರೆ_ರಾಘು:

@ತಿಂಡಿಪೋತ ಬರುತ್ತೆ ಬರುತ್ತೆ ಅಂತ ಕಾಯ್ತಿದ್ದೆ. ಬಹುಪತ್ನಿತ್ವ ಇತ್ತು, ಆದ್ರೆ ಎಲ್ಲರ ಮನೇಲೂ ಅಲ್ಲ. ಅದರಿಂದ ಊರಿಗೆ ಆಗಿದ್ದು ಜಾಸ್ತಿ ತೊಂದರೇನೆ. 1882ರ ಎಡ್ಮಂಡ್ಸ್ ಕಾಯ್ದೆ ಪ್ರಕಾರ ಒಬ್ಬಳಿಗಿಂತ ಹೆಚ್ಚು ಹೆಂಡತಿ ಜೊತೆ ಸಂಸಾರ ಮಾಡಿದ್ರೆ ಆರು ತಿಂಗಳವರೆಗೆ ಜೈಲು, 300 ಡಾಲರ್‌ವರೆಗೆ ದಂಡ, ಊರಿನ ಹಿರೀಕರೆಲ್ಲ ಮಾರ್ಷಲ್‌ಗಳಿಂದ, ಅಂದ್ರೆ ಅಮೆರಿಕ ಸರ್ಕಾರದ ಪೊಲೀಸರಿಂದ, ತಪ್ಪಿಸ್ಕೊಂಡು ಓಡಾಡೋ ಸ್ಥಿತಿ ಬಂತು. 1887ರ ಇನ್ನೊಂದು ಕಾಯ್ದೆ ಚರ್ಚಿನ ಆಸ್ತಿಗೇ ಕೈ ಹಾಕ್ತು, ಜೊತೆಗೆ ಯೂಟಾದ ಹೆಂಗಸ್ರಿಗೆ 1870ರಿಂದ ಇದ್ದ ಓಟಿನ ಹಕ್ಕೂ ಕಿತ್ಕೊಂಡ್ತು. 1890ರಲ್ಲಿ ಚರ್ಚ್ ಬಹುಪತ್ನಿತ್ವ ಕೈಬಿಡ್ತೀವಿ ಅಂತ ಘೋಷಣೆ ಮಾಡ್ತು, 1896ರಲ್ಲಿ ಯೂಟಾ ರಾಜ್ಯ ಆಯ್ತು. ಜನ ಹೆಚ್ಚಾಗೋಕೆ ದೊಡ್ಡ ಕಾರಣ ವಲಸೆ. ಇಂಗ್ಲೆಂಡ್, ಡೆನ್ಮಾರ್ಕ್, ಸ್ವೀಡನ್‌ನಿಂದ ಬಡ ಕೂಲಿಕಾರರನ್ನ ಚರ್ಚೇ ಸಾಲ ಕೊಟ್ಟು ಕರ್ಕೊಂಡು ಬರ್ತಿತ್ತು, 1849ರಲ್ಲೇ ಅದಕ್ಕೊಂದು ಫಂಡ್ ಶುರು ಮಾಡಿದ್ರು. ಪ್ರಾವಿಡೆನ್ಸ್ ಕಡೆ ಸ್ವಿಸ್ ಜನ ಬಂದು ಸೇರ್ಕೊಂಡ್ರು.

ಮಲೇಬೆನ್ನೂರು_ಮೇಷ್ಟ್ರು:

ರಾಘು ಅವ್ರೇ, ಇಷ್ಟು ವಿವರ ಬರೆದ್ರಲ್ಲ, ಬಹಳ ಸಂತೋಷ ಆಯ್ತು. ಆದ್ರೆ ನೀರಿನದ್ದು ಬರಲೇ ಇಲ್ಲ. ನಾನು ಭದ್ರಾ ನಾಲೆ ಕೊನೇ ಭಾಗದೋನು, ಮೇಲಿನೋರು ಪಂಪ್ ಹಾಕಿ ಎಳ್ಕೊಂಡ್ರೆ ನಮ್ಮ ಗದ್ದೆಗೆ ನೀರು ಮುಟ್ಟೋದು ಅಷ್ಟರಲ್ಲೇ ಇದೆ, ಪ್ರತಿ ಹಂಗಾಮಿಗೂ ಧರಣಿ. ಸರ್ಕಾರಾನೂ ಇಲ್ಲದ ಜಾಗದಲ್ಲಿ, ಇಂಜಿನಿಯರೂ ಇಲ್ಲ, ಇವ್ರು ಹೊಡೆದಾಡ್ದೆ ಹೇಗೆ ಹಂಚ್ಕೊಂಡ್ರು ಅಂತ ನನ್ನ ಕುತೂಹಲ.

ಸುಜಾತಾ_ನೀರಾವರಿ:

ಮೇಷ್ಟ್ರೇ ಇದು ನನ್ನ ಸಬ್ಜೆಕ್ಟು, ಹಾಗಾಗಿ ಸ್ವಲ್ಪ ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ.

ಸಾಲ್ಟ್ ಲೇಕಿಗೆ ಬಂದಿಳಿದ ಮೊದಲನೇ ತಂಡ ಗುಡಾರ ಹಾಕಿ ಸುಧಾರಿಸ್ಕೊಳ್ಳೋಕೂ ಮೊದಲು ಹಳ್ಳಕ್ಕೆ ಅಡ್ಡಗಟ್ಟೆ ಹಾಕಿ ನೆಲ ನೆನೆಸಿ ಆಲೂಗಡ್ಡೆ ಹಾಕ್ತು, ಒಣ ನೆಲ ನೇಗಿಲಿಗೆ ಬಗ್ಗಲಿಲ್ಲ ಅಂತ. ಇವ್ರೆಲ್ಲ ಬಂದಿದ್ದು ಮಳೆ ಬೀಳೋ ಸೀಮೆಯಿಂದ, ನೀರಾವರಿ ಗೊತ್ತೇ ಇರಲಿಲ್ಲ, ಮಾಡ್ತಾ ಮಾಡ್ತಾ ಕಲಿತಿದ್ದು. ಕಾಲುವೆ ಮಟ್ಟ ನೋಡೋಕೆ ಬಾಣಲೇಲಿ ನೀರಿಟ್ಟು ಅದರ ಅಂಚಿನ ಮೇಲೆ ಕಣ್ಣಿಟ್ಟು ಗೆರೆ ಹಿಡೀತಿದ್ರು ಅಂತ ಎಷ್ಟೋ ಊರಲ್ಲಿ ಹೇಳ್ತಾರೆ.

ನಿಯಮ ಏನಪ್ಪಾ ಅಂದ್ರೆ ಹೊಳೆ ನೀರು, ಕಾಡಿನ ಮರ ಯಾರೊಬ್ಬರ ಸ್ವತ್ತೂ ಅಲ್ಲ. 1852ರಲ್ಲಿ ಟೆರಿಟರಿ (ಯೂಟಾ ಇನ್ನೂ ರಾಜ್ಯ ಆಗಿರಲಿಲ್ಲ, ಆಗಿನ ಆಡಳಿತ) ಕಾನೂನು ಮಾಡಿ ಅದರ ಉಸ್ತುವಾರಿನ ಕೌಂಟಿ ಕೋರ್ಟಿಗೆ ಕೊಟ್ರು. ಕ್ಯಾಲಿಫೋರ್ನಿಯಾ ಗಣಿ ಕಡೆ ಮೊದಲು ಹಿಡಿದೋನದ್ದೇ ನೀರು ಅನ್ನೋ ಪದ್ಧತಿ ನಡೀತಿದ್ದ ಕಾಲ ಅದು. ಇಲ್ಲಿ ಹಾಗಲ್ಲ, ಕಾಲುವೆ ಅಗೆಯೋಕೆ ಯಾರು ಎಷ್ಟು ದಿನ ದುಡಿದ್ರೋ ಅಷ್ಟು ಪಾಲು ನೀರು. ಲೋಗನ್‌ನಿಂದ ಹೈಡ್ ಪಾರ್ಕ್ ಕಡೆ ಹೋಗೋ ಕಾಲುವೆ ಕೆಲ್ಸ 1860ರಲ್ಲೇ ಶುರುವಾಯ್ತು, ಸಲಿಕೆ, ಗುದ್ದಲಿ, ಎತ್ತು, ಅಷ್ಟೇ. ಪ್ರತಿ ವಸಂತದಲ್ಲಿ ಹೂಳೆತ್ತೋಕೂ ಪಾಲಿನ ಲೆಕ್ಕದಲ್ಲೇ ಆಳು ಬರ್ಬೇಕು, ಬರದಿದ್ರೆ ದುಡ್ಡು ಕಟ್ಬೇಕು.

ಹಂಚೋಕೆ ವಾಟರ್‌ಮಾಸ್ಟರ್ ಅಂತ ಒಬ್ಬ. ನಮ್ಮ ಹಳೇ ಕೆರೆಗಳ ನೀರುಗಂಟಿ ಇದ್ದನಲ್ಲ, ಅದೇ ಕೆಲ್ಸ ಅಂದ್ಕೊಳ್ಳಿ. ಇಷ್ಟು ಎಕರೆಗೆ ಇಷ್ಟು ಗಂಟೆ ಅಂತ ಸರದಿ, ನಿಮ್ಮ ಸರದಿ ರಾತ್ರಿ ಎರಡಕ್ಕೆ ಬಂದ್ರೆ ಲಾಟೀನು ಹಿಡ್ಕೊಂಡು ರಾತ್ರಿ ಎರಡಕ್ಕೇ ಹೋಗಿ ಹಲಗೆ ಎತ್ತಬೇಕು, ಗಂಡ ಊರಲ್ಲಿಲ್ಲ ಅಂದ್ರೆ ಹೆಂಡತಿ ಹೋಗ್ಬೇಕು. ಜಗಳ ಇರಲಿಲ್ಲ ಅಂತ ಅಲ್ಲ, ಬೇಕಾದಷ್ಟಿತ್ತು, ಆದ್ರೆ ಮೊದಲು ಬಿಷಪ್ ಮುಂದೆ ಬರ್ತಿತ್ತು. ಬಿಷಪ್ ಅಂದ್ರೆ ದೊಡ್ಡ ಪಾದ್ರಿ ಅಂತ ಅನ್ಕೋಬೇಡಿ, ಅವನೂ ಪಕ್ಕದ ಬೀದಿ ರೈತಾನೇ, ಸಂಬಳ ಇಲ್ಲ, ಅವನ ಹೊಲಕ್ಕೂ ಅದೇ ಕಾಲುವೆ. ಅವನ ಮಾತು ಮೀರಿದ್ರೆ ಭಾನುವಾರ ಚರ್ಚಲ್ಲಿ ಮುಖ ತೋರ್ಸೋದು ಕಷ್ಟ. ಕೋರ್ಟು ವಕೀಲರಿಗಿಂತ ಇದು ಬೇಗ ಕೆಲ್ಸ ಮಾಡ್ತಿತ್ತು.

ನೀವು ಹೇಳಿದ ಟೇಲ್ ಎಂಡ್ ಸಮಸ್ಯೆ ಇಲ್ಲೂ ಬಂತು, ಜನ ಹೆಚ್ಚಾದ್ಮೇಲೆ. 1880ರಲ್ಲಿ ಹೊಸ ಕಾನೂನು ಬಂದು ನೀರಿನ ಹಕ್ಕು ಖಾಸಗಿ ಸ್ವತ್ತಾಯ್ತು, ಹಕ್ಕಿನ ವ್ಯಾಜ್ಯ ಕೋರ್ಟ್ ಮೆಟ್ಟಿಲು ಹತ್ತಿದವು, ಕೊನೆಗೆ 1922ರ ಕಿಂಬಲ್ ಡಿಕ್ರಿ ಅಂತ ಒಂದು ತೀರ್ಪು ಯಾವ ಕಾಲುವೆಗೆ ಎಷ್ಟು ಅಂತ ಬರೆದಿಟ್ಟಿತು. ನಿಮ್ಮ ಹಿತ್ತಲ ಕಾಲುವೆಗಳು ಈಗ್ಲೂ ರೈತರ ಕಂಪನಿಗಳದ್ದೇ. ಅವು ಬರೀ ನೋಡೋಕೆ ಚೆಂದ ಅಂತ ಹತ್ರ ಹೋಗ್ಬೇಡಿ, 2009ರಲ್ಲಿ ಲೋಗನ್‌ನಲ್ಲೇ ಗುಡ್ಡದ ಪಕ್ಕ ಹಳೇ ಕಾಲುವೆ ಕುಸಿದು ಒಂದು ಮನೆ ಮೇಲೆ ಮಣ್ಣು ಬಿದ್ದು ಮೂವರು ಹೋದ್ರು.

ಗದಗಿನ_ಗಾಳಿ:

ಎಲ್ಲಾರೂ ಛಲೋ ಬರದೀರಿ. ಆದ್ರ ರಾಘು ಅವ್ರ, 'ಖಾಲಿ ಬಿದ್ದಿದ್ದ ಕಣಿವೆ' ಅಂತ ಬರದೀರಲ್ಲ, ಅದೊಂದು ಗಂಟಲದಾಗ ಇಳೀವಲ್ದು. ಅದು ಯಾವಾಗ ಖಾಲಿ ಇತ್ರಿ? ವಾಯವ್ಯ ಶೋಶೋನಿ ಅನ್ನೂ ಮೂಲನಿವಾಸಿ ಮಂದಿ ಅಲ್ಲೇ ಇದ್ರು. ಅವ್ರ ಹೆಣ್ಮಕ್ಕಳು ಬ್ಯಾಸಗ್ಯಾಗ ಹುಲ್ಲಿನ ಬೀಜ ಬಡದು ಕೂಡಿಸಿ ಚಳಿಗಾಲಕ್ಕ ಇಟ್ಕೊಳ್ಳವ್ರು. ಮಾರ್ಮನ್ ಮಂದಿ ದನಾ ತಂದು ಬಿಟ್ರು, ಬೀಜ ಆಗೂಕಿಂತ ಮೊದ್ಲ ಹುಲ್ಲು ಹೋತು. ಹೊಳಿ ದಂಡಿ ಜಾಗಾ ಎಲ್ಲಾ ಹೊಲಾ ಆದ್ವು. ಬ್ರಿಗಮ್ ಯಂಗ್ ಏನೋ ಅವ್ರ ಜೋಡಿ ಯುದ್ಧ ಮಾಡೂದಕ್ಕಿಂತ ಊಟಾ ಹಾಕೂದು ಅಗ್ಗ ಅನ್ನೂ ಲೆಕ್ಕದಾಗ ಗೋದಿ ಕೊಡ್ರಿ ಅಂದಿದ್ದ, ಕೊಟ್ರೂ ಖರೇ, ಆದ್ರ ಹಸದ ಮಂದಿಗೆ ಅದೆಷ್ಟು ಸಾಕಾಗತೈತಿ.

1863ರ ಜನವರಿ 29. ಕರ್ನಲ್ ಪ್ಯಾಟ್ರಿಕ್ ಕಾನರ್ ಅಂಬಾವ ಸಾಲ್ಟ್ ಲೇಕಿಂದ ಕ್ಯಾಲಿಫೋರ್ನಿಯಾ ವಾಲಂಟಿಯರ್ ಸೈನ್ಯ ಕರಕೊಂಡು ಕೊರಿಯೂ ಚಳಿಯಾಗ ಬೇರ್ ರಿವರ್ ದಂಡೀಗೆ ಬಂದು, ಬೆಳಗಾಗೂದಕ್ಕ ಶೋಶೋನಿ ಬಿಡಾರದ ಮ್ಯಾಲೆ ಬಿದ್ದ. ಗಂಡಸರು, ಹೆಂಗಸರು, ಕೂಸು, ಯಾರನ್ನೂ ಬಿಡಲಿಲ್ಲ. ಸತ್ತವರು 250ರಿಂದ 400 ಅಂತ ಅಂದಾಜು. ನಾಯಕ ಬೇರ್ ಹಂಟರ್ ಅಲ್ಲೇ ಸತ್ತ, ಇನ್ನೊಬ್ಬ ನಾಯಕ ಸ್ಯಾಗ್ವಿಚ್ ಗಾಯ ಆಗಿ ಪಾರಾದ. ಜಾಗಾ ಈಗಿನ ಐಡಹೋದ ಪ್ರೆಸ್ಟನ್ ಹತ್ರ, ಲೋಗನ್ದಿಂದ ಕಾರಿನ್ಯಾಗ ತಾಸೂ ಹಿಡಿಯೂದಿಲ್ಲ. ಮೇಷ್ಟ್ರ, ನೀವು ಊರು ಸುತ್ತೂದಾದ್ರ ಅದನ್ನೂ ನೋಡ್ರಿ.

ಹಾಸನದ_ಹುಡುಗ:

ಸರಿ, ಆದ್ರೆ ಗುಂಡು ಹಾರ್ಸಿದ್ದು ಫೆಡರಲ್ ಸೈನ್ಯ, ರೈತರಲ್ಲ. ಆ ಸೈನ್ಯಕ್ಕೂ ಮಾರ್ಮನ್ನರಿಗೂ ಎಣ್ಣೆ ಸೀಗೆಕಾಯಿ, ಕಾನರ್ ಬಂದಿದ್ದು ಅಂಚೆ ದಾರಿ ಕಾಯೋಕೆ, ಜೊತೆಗೆ ಇವರ ಮೇಲೊಂದು ಕಣ್ಣಿಡೋಕೆ. ಎಲ್ಲದಕ್ಕೂ ಊರು ಕಟ್ಟಿದೋರನ್ನ ಬೈದ್ರೆ ಹೆಂಗೆ. ಕಲ್ಲು ನೆಲದಲ್ಲಿ ಬೆವರು ಸುರ್ಸಿದ್ದು ಸುಳ್ಳಾ?

ಗದಗಿನ_ಗಾಳಿ:

ಬೆವರು ಸುಳ್ಳಂತ ನಾ ಎಲ್ಲಿ ಅಂದೆ ತಮ್ಮಾ. ಸೈನ್ಯಕ್ಕ ದಾರಿ ತೋರ್ಸಿದಾವ ಪೋರ್ಟರ್ ರಾಕ್‌ವೆಲ್, ಅವ ಮಾರ್ಮನ್ನ. ಗಾಯ ಆದ ಸಿಪಾಯಿಗಳಿಗೆ ಜಾಗಾ ಕೊಟ್ಟು ಆರೈಕಿ ಮಾಡಿದ್ದು ಫ್ರಾಂಕ್ಲಿನ್ ಊರವ್ರು. ಆಮ್ಯಾಲೆ ಕ್ಯಾಶ್ ಕಣಿವಿ ಚರ್ಚಿನ ದಾಖಲ್ಯಾಗ ಇದು ದೇವರ ಕೃಪಾ ಅನ್ನೂ ಅರ್ಥದಾಗ ಬರ್ಕೊಂಡಾರ. ಅದ ವರ್ಷ ಅಂಜಿಕಿ ಹೋತು ಅಂತ ಗುಡ್ಡದಾಚೆ ಬೇರ್ ಲೇಕ್ ಕಣಿವಿಗೂ ಊರು ಹಬ್ಬಿದ್ವು. ಗುಂಡು ಯಾರು ಹೊಡದ್ರು ಅನ್ನೂದು ಬ್ಯಾರೆ, ನೆಲ ಯಾರಿಗೆ ಸಿಕ್ತು ಅನ್ನೂದು ಬ್ಯಾರೆ.

ಮತ್ತೊಂದು ಸಂಗ್ತಿ. ಪಾರಾದ ಸ್ಯಾಗ್ವಿಚ್ ಹತ್ತು ವರ್ಷದ ಮ್ಯಾಲೆ, 1873ರಾಗ, ತನ್ನ ಮಂದಿ ಕರಕೊಂಡು ಮಾರ್ಮನ್ ಚರ್ಚ್ ಸೇರಿದ. ಲೋಗನ್ ಟೆಂಪಲ್ ಕಟ್ಟೂಮುಂದ ಆ ಶೋಶೋನಿ ಮಂದೀನೂ ಬಂದು ದುಡದಾರ. ಇದನ್ನ ಹೆಂಗ ತಿಳ್ಕೋಬೇಕು ಅನ್ನೂದು ನನಗ ಇವತ್ತಿಗೂ ಬಗೀಹರದಿಲ್ಲ. 2018ರಾಗ ಆ ಹತ್ಯಾಕಾಂಡದ ಜಾಗಾದಾಗ ಸುಮಾರು 550 ಎಕರೆ ಶೋಶೋನಿ ಬುಡಕಟ್ಟಿನವ್ರು ರೊಕ್ಕಾ ಕೊಟ್ಟು ವಾಪಸ್ ಕೊಂಡ್ಕೊಂಡ್ರು. ತಮ್ಮ ಹೊಲಾ ತಾವ ಖರೀದಿ ಮಾಡೂದು.

ನ್ಯಾರೋಗೇಜ್_ನಾಗರಾಜ:

ಟೆಂಪಲ್ ಅಂದ್ರಲ್ಲ, ಗುಡ್ಡದಂಚಲ್ಲಿ ಕೋಟೆ ಥರ ಕಾಣೋದು ಅದೇ ಮೇಷ್ಟ್ರೇ. 1877ರಲ್ಲಿ ಶುರು, 1884ರಲ್ಲಿ ಮುಗೀತು. ಮರ ಲೋಗನ್ ಕಣಿವೆ ಒಳಗಿಂದ, ಅದಕ್ಕಂತಾನೇ ಗರಗಸದ ಮಿಲ್ ಹಾಕಿದ್ರು. ದುಡ್ಡಿಲ್ಲದೋರು ಹತ್ತು ದಿನಕ್ಕೊಂದು ದಿನ ಪುಕ್ಕಟೆ ಕೆಲ್ಸ, ಇದ್ದೋರು ಬೆಳೆದಿದ್ರಲ್ಲಿ ಹತ್ತನೇ ಒಂದು ಭಾಗ, ಗೋಧಿ, ಮೊಟ್ಟೆ, ಬೆಣ್ಣೆ ಏನಿದ್ರೆ ಅದು, ಚರ್ಚಿನ ಉಗ್ರಾಣಕ್ಕೆ. ಕೆಲಸಗಾರರಿಗೆ ಕೂಲಿನೂ ಅದೇ ಉಗ್ರಾಣದಿಂದ. ರೊಕ್ಕ ಕಣ್ಣಿಗೆ ಕಾಣ್ದೆ ಊರು ನಡೀತಿತ್ತು.

ರೊಕ್ಕ ಬಂದಿದ್ದು ರೈಲಿಂದ, ಅದನ್ನ ಯಾರೂ ಹೇಳಲೇ ಇಲ್ಲ. 1869ರ ಮೇ 10ಕ್ಕೆ ಪ್ರಾಮಂಟರಿ ಹತ್ರ ದೇಶದ ಎರಡೂ ಕಡೆ ಹಳಿ ಕೂಡಿದ್ವಲ್ಲ, ಆದ್ರೆ ಆ ಲೈನ್ ಕ್ಯಾಶ್ ವ್ಯಾಲಿ ಒಳಗೆ ಬರಲಿಲ್ಲ. ಬ್ರಿಗಮ್ ಯಂಗ್ ಮಗ ಜಾನ್ ಡಬ್ಲ್ಯೂ ಯಂಗ್ 1871ರಲ್ಲಿ ಯೂಟಾ ನಾರ್ದರ್ನ್ ಅಂತ ಮೂರಡಿ ಅಗಲದ ನ್ಯಾರೋಗೇಜ್ ಶುರು ಮಾಡ್ದ. ಹಳಿ ಹಾಕಿದ್ದು ಊರಿನ ರೈತರೇ, ಕೂಲಿಗೆ ಬಹಳಷ್ಟು ಜನಕ್ಕೆ ಸಿಕ್ಕಿದ್ದು ಕಂಪನಿ ಷೇರು. 1873ರ ಜನವರೀಲಿ ಲೋಗನ್‌ಗೆ ರೈಲು ಬಂತು, ಮುಂದಿನ ವರ್ಷ ಫ್ರಾಂಕ್ಲಿನ್. ಕಂಪನಿ ಮುಳುಗಿ 1878ರಲ್ಲಿ ಯೂನಿಯನ್ ಪೆಸಿಫಿಕ್ ಕೈ ಸೇರ್ತು, ಷೇರು ಇಟ್ಕೊಂಡಿದ್ದ ರೈತರ ಗತಿ ನೀವೇ ಊಹಿಸ್ಕೊಳ್ಳಿ. ಆದ್ರೆ ಲೈನ್ ಮೊಂಟಾನಾದ ಗಣಿಗಳವರೆಗೂ ಹೋಯ್ತು, ಕ್ಯಾಶ್ ವ್ಯಾಲಿ ಗೋಧಿ, ಬೆಣ್ಣೆ, ಮೊಟ್ಟೆಗೆ ಅಲ್ಲಿ ಗಿರಾಕಿ ಸಿಕ್ರು. ಚಿನ್ನ ಅಗೆಯೋಕೆ ಹೋಗ್ಬೇಡಿ ಅಂತ ಯಂಗ್ ಬೈತಿದ್ದ, ಚಿನ್ನ ಅಗೆಯೋರಿಗೆ ಊಟ ಮಾರಿ ಇವ್ರು ದುಡ್ಡು ಮಾಡಿದ್ರು. ಗಣಿ ಊರುಗಳು ಹೋದ್ವು, ಊಟ ಕಳಿಸ್ತಿದ್ದ ಊರು ಉಳೀತು.

ಇನ್ನೊಂದು ದೊಡ್ಡ ತಿರುವು ಅಂದ್ರೆ ನಿಮ್ಮ ಮಗ ಓದ್ತಿರೋ ಜಾಗ. 1888ರಲ್ಲಿ ಕೃಷಿ ಕಾಲೇಜು ಲೋಗನ್‌ಗೆ ಅಂತ ಟೆರಿಟರಿ ಶಾಸನಸಭೆ ನಿರ್ಧಾರ ಮಾಡ್ತು, 1890ರಲ್ಲಿ ಪಾಠ ಶುರು. ನೀರಾವರಿ ಸಂಶೋಧನೆಗೆ ಅದಕ್ಕೆ ಹೆಸರು ಬಂದಿದ್ದು ಸುಮ್ನೆ ಅಲ್ಲ, ಸುತ್ತ ಎಲ್ಲಾ ಕಾಲುವೆಗಳೇ. 1900ರ ಜನಗಣತಿಲಿ ಲೋಗನ್ ಐದು ಸಾವಿರ ದಾಟಿತ್ತು, ಅದರ ಮುಂದಿನ ವರ್ಷ ಬೀಟ್ ಸಕ್ಕರೆ ಕಾರ್ಖಾನೆ ಬಂತು.

ಮಲೇಬೆನ್ನೂರು_ಮೇಷ್ಟ್ರು:

ಅಬ್ಬಾ, ಒಬ್ಬೊಬ್ಬರೂ ಒಂದೊಂದು ಪಾಠ ಮಾಡಿದ್ರಿ. ಗದಗಿನ ಅಣ್ಣಾವ್ರು ಹೇಳಿದ ಜಾಗಕ್ಕೆ ಮಗನಿಗೆ ರಜ ಸಿಕ್ಕ ತಕ್ಷಣ ಹೋಗ್ತೀವಿ. ಒಂದು ಅನುಮಾನ ಉಳೀತು. ಚೀಟಿ ಎತ್ತಿ ಸೈಟು ಹಂಚಿದ್ರು, ಹೊಲ ಹಂಚಿದ್ರು ಅಂದ್ರಲ್ಲ, ಪಟ್ಟಾ ಯಾರು ಕೊಟ್ರು? ಚರ್ಚ್ ಕೊಟ್ಟ ಚೀಟಿನ ಅಮೆರಿಕ ಸರ್ಕಾರ ಒಪ್ಕೊಳ್ತಾ?

ಉಪ್ಪುಕೆರೆ_ರಾಘು:

ಒಪ್ಕೊಳ್ಳಲಿಲ್ಲ ಮೇಷ್ಟ್ರೇ, ಅದೇ ಮಜಾ. ಸಾಲ್ಟ್ ಲೇಕಲ್ಲಿ ಫೆಡರಲ್ ಲ್ಯಾಂಡ್ ಆಫೀಸ್ ತೆಗೆದಿದ್ದು 1869ರಲ್ಲಿ. ಅಲ್ಲಿವರೆಗೂ ಇಪ್ಪತ್ತೆರಡು ವರ್ಷ ಯೂಟಾದಲ್ಲಿ ಒಬ್ಬ ರೈತನ ಹತ್ರಾನೂ ಫೆಡರಲ್ ಸರ್ಕಾರದ ಹಕ್ಕುಪತ್ರ ಇರಲಿಲ್ಲ, ಕಾನೂನು ಲೆಕ್ಕದಲ್ಲಿ ಎಲ್ಲರೂ ಒತ್ತುವರಿದಾರರು. ಆಫೀಸ್ ತೆಗೆದಾಗ ಇನ್ನೊಂದು ತಲೆನೋವು: ಸರ್ಕಾರ ಕೊಡೋದು 160 ಎಕರೆಯ ಚೌಕ, ಇಲ್ಲಿ ಆ ಚೌಕದೊಳಗೆ ಹತ್ತು ಹನ್ನೆರಡು ಜನರ ಸಣ್ಣ ಸಣ್ಣ ಹೊಲ. ಒಬ್ಬನ ಹೆಸರಲ್ಲಿ ಅರ್ಜಿ ಹಾಕಿ, ಪಟ್ಟಾ ಬಂದ್ಮೇಲೆ ಅವನು ಉಳಿದೋರಿಗೆ ಅವರವರ ತುಂಡು ಬರ್ಕೊಡೋದು ಅಂತ ಮಾಡ್ಕೊಂಡ್ರು, ಊರೊಳಗಿನ ಸೈಟಿಗೆ ಮೇಯರ್ ಅಥವಾ ಜಡ್ಜ್ ಎಲ್ಲರ ಪರವಾಗಿ ಅರ್ಜಿ.

ಮಲೇಬೆನ್ನೂರು_ಮೇಷ್ಟ್ರು:

ಬರ್ಕೊಟ್ರಾ ಮತ್ತೆ? ನಮ್ಮೂರಲ್ಲಿ ಅಣ್ಣನ ಹೆಸರಲ್ಲಿ ಖಾತೆ ಇದ್ರೆ ತಮ್ಮನಿಗೆ ಮೂರು ತಲೆಮಾರು ಕೋರ್ಟು.

ಉಪ್ಪುಕೆರೆ_ರಾಘು:

ಬಹುಪಾಲು ಬರ್ಕೊಟ್ರು. ಅದೇ ಬಿಷಪ್ಪು, ಅದೇ ಭಾನುವಾರ.

ಸುಜಾತಾ_ನೀರಾವರಿ:

ಮೇಷ್ಟ್ರೇ ಪ್ರೆಸ್ಟನ್‌ಗೆ ಹೋಗೋದಾದ್ರೆ ವಾಪಸ್ ಬರುವಾಗ ನ್ಯೂಟನ್ ಮೇಲೆ ಬನ್ನಿ. 1871ರಲ್ಲೇ ಅಲ್ಲಿನ ರೈತರು ಕ್ಲಾರ್ಕ್‌ಸ್ಟನ್ ಹಳ್ಳಕ್ಕೆ ಮಣ್ಣಿನ ಏರಿ ಹಾಕಿ ನೀರು ನಿಲ್ಲಿಸಿದ್ರು, ಅಮೆರಿಕದಲ್ಲಿ ನೀರಾವರಿಗೆ ಅಂತ ಕಟ್ಟಿದ ತೀರಾ ಹಳೇ ಡ್ಯಾಮುಗಳಲ್ಲಿ ಅದೂ ಒಂದು. ಪದೇ ಪದೇ ಕೊಚ್ಕೊಂಡು ಹೋಗ್ತಿತ್ತು, ಪದೇ ಪದೇ ಕಟ್ತಿದ್ರು. ಈಗಿರೋದು 1940ರ ದಶಕದಲ್ಲಿ ಬ್ಯೂರೋ ಆಫ್ ರಿಕ್ಲಮೇಶನ್ (ಅಮೆರಿಕ ಸರ್ಕಾರದ ನೀರಾವರಿ ಇಲಾಖೆ) ನವರು ಕಟ್ಟಿದ್ದು. ಮನೆಯವ್ರನ್ನೂ ಕರ್ಕೊಂಡು ಹೋಗಿ, ಬುತ್ತಿ ಕಟ್ಕೊಂಡೇ ಹೊರಡಿ, ಆ ಕಡೆ ಹೋಟ್ಲು ಸಿಗೋದು ಕಷ್ಟ.